ತಪ್ಪು ಬಳೆಯದಲ್ಲ

ಮಿಶ್ರಿಕೋಟಿಯ ಹೆಂಗಸರು ಗಂಡನ ಮುಂದೆ ಬಚ್ಚಿಟ್ಟದ್ದನ್ನು ಸಣ್ಣವ್ವನ ಮುಂದೆ ಬಿಚ್ಚಿಡುತ್ತಾರೆ. ಅವಳ ಬಾಯಿಯ ಮೇಲಿನ ನಂಬಿಕೆಯಿಂದಲ್ಲ, ಆ ಬಾಯಿಗೆ ಬೀಗವೇ ಇಲ್ಲ. ಕಾರಣ ಅವಳ ಕೈ. ಸಣ್ಣವ್ವ ಬಳೆ ಇಡಿಸುವವಳು. ಬಳೆ ಇಡಿಸುವ ಮೊದಲು ಎದುರಿಗೆ ಕೂತವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಚೊಂಬಿನ ನೀರಿನಿಂದ ತೊಳೆದು, ಒಂದೊಂದೇ ಬೆರಳನ್ನು ಹಿಂಡಿ ಸಡಿಲ ಮಾಡುತ್ತಾಳೆ. ಅಷ್ಟು ಹೊತ್ತು ತಮ್ಮ ಕೈಯನ್ನು ಯಾರಾದರೂ ಅಕ್ಕರೆಯಿಂದ ಹಿಡಿದು ಎಷ್ಟು ಕಾಲವಾಯಿತೋ ಏನೋ, ಹೆಂಗಸರು ತಾವಾಗಿಯೇ ಮಾತಿಗೆ ತೊಡಗುತ್ತಾರೆ.

ಅವಳ ಕೈಯಲ್ಲಿ ಬಳೆ ಒಡೆದದ್ದು ಕಡಿಮೆ. ಯಾರ ಕೈಗಾದರೂ ಗಾಯವಾದದ್ದಂತೂ ಇರಲೇ ಇಲ್ಲ. ಊರಿನಲ್ಲಿ ಯಾವ ಬಸುರಿಯ ಕುಬಸ, ಅಂದರೆ ಸೀಮಂತವಿದ್ದರೂ ಹಸಿರು ಬಳೆ ಇಡಿಸಲು ಅವಳಿಗೇ ಕರೆ. ಹೊಲವಿಲ್ಲ, ಎಮ್ಮೆಯಿಲ್ಲ, ಕರೆದ ಮನೆಗಳೇ ಆಸ್ತಿ ಎಂದು ಅವಳು ಹೇಳಿಕೊಂಡು ತಿರುಗುತ್ತಿದ್ದಳು, ಸ್ವಲ್ಪ ಜಂಬದಿಂದಲೇ.

ಈಗಿನ ಹುಡುಗಿಯರು ಗಾಜಿನ ಬಳೆಗೆ ಮೂಗು ಮುರಿಯತೊಡಗಿದಾಗ ಸಣ್ಣವ್ವ ಬಸ್ ನಿಲ್ದಾಣದ ಬಾಜು ಸಣ್ಣ ಅಂಗಡಿ ಹಾಕಿ, ಬಳೆಯ ಜೊತೆ ಕ್ಲಿಪ್ಪು, ಪೌಡರು, ಹಣೆಗೆ ಹಚ್ಚುವ ಟಿಕಳಿ ಇಟ್ಟಳು. ಒಮ್ಮೆ ಹುಬ್ಬಳ್ಳಿಯ ಹೋಲ್‌ಸೇಲಿನವನು ಒಂದು ಹೊಸ ಕ್ರೀಮಿನ ಟ್ಯೂಬು ಕೊಟ್ಟ. ಡಬ್ಬಿಯ ಮೇಲೆ ಹಾಲಿನಂಥ ಹುಡುಗಿಯ ಚಿತ್ರ, ಉಳಿದದ್ದೆಲ್ಲ ಇಂಗ್ಲಿಷು. "ವಾರದಾಗ ಫರಕ್ ಕಾಣತೈತಿ ನೋಡ್ರಿ" ಎಂದ. ಕ್ಲಿಪ್ಪಿನಂತೆ ಇದೂ ಒಂದು ಸಾಮಾನು ಎಂದುಕೊಂಡು ಸಣ್ಣವ್ವ ತಂದಳು. ಫರಕು ಕಂಡಿತು. ಅಂಗಡಿಯ ಮುಂದೆ ಹೆಂಗಸರು ಮುಗಿಬಿದ್ದರು.

ಸಾವಂತ್ರೆವ್ವನ ಸೊಸೆ ಗಂಗಾ ಬಂದಳು. ದೇವಿಕೊಪ್ಪದ ಹುಡುಗಿ, ಚೊಚ್ಚಲ ಬಸುರಿ. ಐದನೆಯ ತಿಂಗಳಿಗೆ ಎರಡೂ ಕೆನ್ನೆಯ ಮೇಲೆ ಕಪ್ಪಗೆ ಬಂಗು ಹರಡಿತ್ತು. ಕಂಡವರೆಲ್ಲ "ಮಾರಿ ಯಾಕ ಹಿಂಗಾತ ಬೇ?" ಎಂದು ಕೇಳಿ ಕೇಳಿ ಆ ಹುಡುಗಿಗೆ ನೀರಿಗೆ ಹೋಗುವುದೂ ಬೇಡವಾಗಿತ್ತು.

"ಬಸರಿದ್ದಾಗ ಇದನ್ನ ಹಚ್ಚಬಹುದೇನ ಕಾಕಿ?" ಎಂದು ಗಂಗಾ ಟ್ಯೂಬನ್ನು ತಿರುಗಿಸಿ ನೋಡುತ್ತ ಕೇಳಿದಳು.

"ಮಾರಿಗೆ ಹಚ್ಚಿದ್ದು ಹೊಟ್ಟಿಗೆ ಹೆಂಗ ಇಳಿತೈತೇ ಹುಚ್ಚಿ?" ಎಂದು ನಕ್ಕ ಸಣ್ಣವ್ವ ಟ್ಯೂಬನ್ನು ಅವಳ ಕೈಯಲ್ಲಿಟ್ಟಳು. ಮುಂದೆ ಅವಳಿಗೆ ಎಷ್ಟೋ ರಾತ್ರಿ ನಿದ್ದೆ ಕೆಡಿಸಿದ್ದು ಈ ಮಾತೇ.

ಏಳನೆಯ ತಿಂಗಳಲ್ಲಿ ಕುಬಸ. ಹಸಿರು ಸೀರೆ ಉಟ್ಟು, ಹಣೆಗೆ ಹೂವಿನ ದಂಡಿ ಕಟ್ಟಿಕೊಂಡು ಕೂತಿದ್ದ ಗಂಗಾಳ ಮುಖದಲ್ಲಿ ಬಂಗು ಹುಡುಕಿದರೂ ಇರಲಿಲ್ಲ. ಸಾವಂತ್ರೆವ್ವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ನಮ್ಮ ಸೊಸಿ ಮಾರಿಗೆ ಹೆಂಗ ಕಳಾ ಬಂದೈತಿ ನೋಡ್ರಿ! ಎಲ್ಲಾ ಈ ಸಣ್ಣವ್ವನ ಕೈಗುಣ" ಎಂದು ಬಂದವರಿಗೆಲ್ಲ ಹೇಳಿದಳು. ಹೊಗಳಿಕೆ ಯಾರಿಗೆ ಬೇಡ? ಸಣ್ಣವ್ವ ಸೆರಗು ಸರಿಮಾಡಿಕೊಂಡು, ಬಳೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಳು.

ಗಂಗಾಳ ಕೈ ತೊಳೆಯುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಈ ಹುಡುಗಿ ಸೊಸೆಯಾಗಿ ಬಂದಾಗ ಬಳೆ ಇಡಿಸಿದ್ದೂ ಅವಳೇ. ಕಳೆ ಕಿತ್ತು ಗಟ್ಟಿಯಾದ ಕೈಗಳಾಗಿದ್ದವು ಅವು. ಈಗ ಮುಂಗೈಯ ಚರ್ಮ ಉಳ್ಳಾಗಡ್ಡಿಯ ಒಳಪೊರೆಯಂತೆ ತೆಳ್ಳಗಾಗಿ, ನರಗಳು ನೀಲಿಯಾಗಿ ಕಾಣುತ್ತಿದ್ದವು. ಬಲಗೈಯ ಬಳೆಗಳು ಹೇಗೋ ಏರಿದವು. ಎಡಗೈಯಲ್ಲಿ ಹೆಬ್ಬೆರಳಿನ ಬುಡ ದಾಟಿಸುವಾಗ ಗಂಗಾ "ಅವ್ವಾ" ಎಂದಳು. ಬಳೆಯ ಜೊತೆಗೇ ಚರ್ಮ ಸುಲಿದು ರಕ್ತ ಜಿನುಗಿತು.

"ಅಯ್ಯ, ಕುಬಸದ ದಿನ ನೆತ್ತರ!" ಎಂದಳು ಯಾರೋ ಮುದುಕಿ. ಹಾಡುತ್ತಿದ್ದವರು ಹಾಡು ನಿಲ್ಲಿಸಿದರು.

"ಬಳಿಗೆ ಹಲ್ಲ ಐತೇನ ಸಣ್ಣವ್ವಾ? ನೋಡಿ ತರಬಾರದೇನ?" ಎಂದು ಸಾವಂತ್ರೆವ್ವ ಗದರಿದಳು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಬಳೆಗೆ ಬಾಯಿಲ್ಲ, ಅದು ಎದುರುತ್ತರ ಕೊಡುವುದಿಲ್ಲ. ಸಣ್ಣವ್ವ ಆ ಬಳೆಯನ್ನು ತೆಗೆದು ಅದರ ಸುತ್ತ ಬೆರಳಾಡಿಸಿದಳು. ಎಲ್ಲೂ ಹಲ್ಲಿರಲಿಲ್ಲ, ನುಣ್ಣಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

"ಗಂಗಾ, ಆ ಕ್ರೀಮ ಕೈಗೂ ಹಚ್ಚೀಯೇನ ಬೇ?" ಎಂದು ಮೆಲ್ಲಗೆ ಕೇಳಿದಳು.

"ಮಾರಿ ಅಷ್ಟ ಬೆಳ್ಳಗಾಗಿ ಕೈ ಕರ್ರಗ ಕಾಣತಿದ್ವು ಕಾಕಿ. ದಿನಾ ಎರಡ ಹೊತ್ತ ಹಚ್ಚೇನಿ."

ಸಣ್ಣವ್ವ ಒಮ್ಮೆ ಸುತ್ತ ನೋಡಿದಳು. ಅವಳಿಂದ ಬಳೆ ಇಡಿಸಿಕೊಂಡ ಹೆಂಗಸರೆಲ್ಲ ಅಲ್ಲೇ ಇದ್ದರು. ಅವಳಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಆದರೂ ಹೇಳಿದಳು: "ಬಳಿ ಚಲೋ ಐತಿ. ತಪ್ಪ ಬಳಿದಲ್ಲ, ನಾ ಕೊಟ್ಟ ಕ್ರೀಮಿಂದು. ಅದರಾಗ ಏನೈತಿ ಅಂತ ನನಗ ಗೊತ್ತಿಲ್ಲ."

ಸಾವಂತ್ರೆವ್ವ ಕೈಯಲ್ಲಿದ್ದ ಆರತಿಯ ತಟ್ಟೆಯನ್ನು ಕೆಳಗಿಟ್ಟಳು. "ಗೊತ್ತಿಲ್ಲದ್ದನ್ನ ಬಸರ ಹೆಂಗಸಿಗೆ ಕೊಟ್ಟಿಯಾ?" ಎಂದಷ್ಟೇ ಕೇಳಿದಳು. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಸಣ್ಣವ್ವ ಬುಟ್ಟಿ ಮುಚ್ಚಿಕೊಂಡು ಎದ್ದಳು. ಉಳಿದ ಹಸಿರು ಬಳೆಗಳು ಬುಟ್ಟಿಯಲ್ಲೇ ಉಳಿದವು.

ಮರುದಿನ ಅತ್ತೆ ಸೊಸೆ ಕಲಘಟಗಿಯ ದವಾಖಾನೆಗೆ ಹೊರಟ ಬಸ್ಸಿಗೆ ಸಣ್ಣವ್ವನೂ ಕರೆಯದೆ ಹತ್ತಿದಳು, ಟ್ಯೂಬನ್ನು ಸೆರಗಿನಲ್ಲಿ ಕಟ್ಟಿಕೊಂಡು. ಸಾವಂತ್ರೆವ್ವ ಕಿಟಕಿಯಿಂದಾಚೆ ನೋಡುತ್ತ ಕೂತಳು. ದವಾಖಾನೆಯಲ್ಲಿ ಡಾಕ್ಟರಮ್ಮ ಮೊದಲು ಹೊಟ್ಟೆ ನೋಡಿದಳು, ಆಮೇಲೆ ಕೈ, ಆಮೇಲೆ ಟ್ಯೂಬು.

"ಕೂಸು ಚಲೋ ಬೆಳದದ, ಅಂಜಬ್ಯಾಡ್ರಿ. ಆದ್ರ ಇದರಾಗ ಸ್ಟಿರಾಯ್ಡ್ ಅದ, ತೊಗಲ ತೆಳ್ಳಗ ಮಾಡತದ. ಇವತ್ತಿಂದ ಇದು ಬಂದ್."

"ಮಾರಿಗೆ ಹಚ್ಚಿದ್ದು ಒಳಗೂ ಹೊಕ್ಕತೇನ್ರಿ?" ಬಾಗಿಲ ಬಳಿ ನಿಂತಿದ್ದ ಸಣ್ಣವ್ವ ಕೇಳಿದಳು.

"ಹಚ್ಚಿದ್ದೆಲ್ಲಾ ಮ್ಯಾಲೇ ನಿಂದ್ರೂದಿಲ್ರಿ, ಒಂದೀಟು ಒಳಗೂ ಹೋಗತದ. ಹಡದ ಮ್ಯಾಲೂ ಹುಷಾರಿರಬೇಕು. ಕೂಸು ಅವ್ವನ ಗಲ್ಲಾ ನೆಕ್ಕತದ, ಎದಿಗೆ ಮಾರಿ ಒತ್ತತದ. ಕೂಸಿನ ಬಾಯಿಗೆ ಹೋಗಬಾರದ್ದು ಅವ್ವನ ಮೈಮ್ಯಾಲೂ ಇರಬಾರದು." ಆಮೇಲೆ ಗಂಗಾಳ ಕಡೆ ತಿರುಗಿ, ವಾಸನೆಯಿಲ್ಲದ ಒಂದು ಸಾದಾ ಮುಲಾಮು ಕೊಟ್ಟು, ಬಿಸಿಲಿಗೆ ಹೋಗುವಾಗ ತಲೆಯ ಮೇಲೆ ಸೆರಗು ಹೊದೆಯಲು ಹೇಳಿದಳು. ಹೊಸದೇನೇ ಹಚ್ಚುವುದಿದ್ದರೂ ಮೊದಲು ತಂದು ತೋರಿಸಬೇಕು. ಆ ಕ್ರೀಮು ಬಿಟ್ಟ ಮೇಲೆ ಕೆಲವು ದಿನ ಮುಖ ಕೆಂಪೇರಿ ಉರಿಯಬಹುದು, ಹೆಚ್ಚಾದರೆ ಬರಬೇಕು. ಬಂಗು ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ನಿಧಾನಕ್ಕೆ ತಾನೇ ತಿಳಿಯಾಗುತ್ತದೆ, ಅವಸರ ಕೂಡದು.

ಊರಿಗೆ ಬಂದವಳೇ ಸಣ್ಣವ್ವ ಅಂಗಡಿಯ ಟ್ಯೂಬುಗಳನ್ನೆಲ್ಲ ಕಸದ ಗಾಡಿಗೆ ಸುರಿದಳು. ಆಮೇಲೆ ಕೊಂಡವರ ಮನೆಮನೆಗೆ ಹೋಗಿ ವಾಪಸು ಕೇಳಿದಳು. ಒಬ್ಬಳು ಬಾಣಂತಿ ಅತ್ತುಕೊಂಡೇ ಕೊಟ್ಟಳು. ಒಬ್ಬಳು "ನನಗೇನೂ ಆಗಿಲ್ಲ, ಹೋಗ" ಎಂದು ಬಾಗಿಲು ಹಾಕಿದಳು. ಸಣ್ಣವ್ವ ಮರುದಿನ ಮತ್ತೆ ಹೋಗಿ ಅದೇ ಬಾಗಿಲು ತಟ್ಟಿದಳು, ಕೊಡುವವರೆಗೂ ಬಿಡಲಿಲ್ಲ.

ಗಂಗಾಳ ಮುಖ ಡಾಕ್ಟರಮ್ಮ ಹೇಳಿದಂತೆಯೇ ಕೆಂಪೇರಿತು. ಬಂಗು ಮೊದಲಿಗಿಂತ ಕಪ್ಪಾಗಿ ಮರಳಿತು. ಹಾಗೆಯೇ ಅವಳು ಹೆರಿಗೆಗೆ ತವರಿಗೆ ಹೋದಳು. ಹೆಣ್ಣು ಕೂಸು ಹುಟ್ಟಿದ ಸುದ್ದಿ ಅಂಗಡಿಯ ಮುಂದೆ ಬಸ್ಸಿಗೆ ನಿಂತವರ ಬಾಯಿಂದ ಸಣ್ಣವ್ವನಿಗೆ ತಿಳಿಯಿತು. ತಾಯಿ ಮಗು ಚೆನ್ನಾಗಿದ್ದಾರೆ ಎಂದು ಕೇಳಿ ಅವಳು ಅಂಗಡಿಯ ಒಳಗೆ ಹೋಗಿ ಅತ್ತಳು. ಆ ನಡುವೆ ಊರಿನಲ್ಲಿ ಇನ್ನೊಂದು ಕುಬಸವಾಯಿತು, ಬಳೆ ಇಡಿಸಲು ಕಲಘಟಗಿಯಿಂದ ಬೇರೆಯವಳು ಬಂದಳು. ಬುಟ್ಟಿ ಮೂಲೆಯಲ್ಲಿ ಕೂತಿತು.

ಬಾಣಂತನ ಮುಗಿದು, ತವರಿನವರು ಕೊಟ್ಟ ತೊಟ್ಟಿಲು ಟೆಂಪೋದಲ್ಲಿ ಅಂಗಡಿಯ ಮುಂದೆಯೇ ಹಾದುಹೋಯಿತು. ಅದರ ಹಿಂದೆ ಕೂಸನ್ನೆತ್ತಿಕೊಂಡ ಗಂಗಾ ಆಟೋದಲ್ಲಿ. ಸಣ್ಣವ್ವ ಏಳಲಿಲ್ಲ. ಕೂಸಿಗೆ ಕರಿಬಳೆ ಇಡಿಸಲು ಈ ಮನೆಯವರು ಕರೆಯದಿದ್ದರೆ ಇನ್ನು ಊರಿನಲ್ಲಿ ಯಾರೂ ಕರೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕೆಲವು ದಿನ ಕಳೆದು ಸಾವಂತ್ರೆವ್ವ ತಾನೇ ಅಂಗಡಿಗೆ ಬಂದು ನಿಂತಳು. "ಕೂಸಿನ ಕೈಗೆ ಆಗೂವಂಥ ಕರಿಬಳಿ ಅದಾವೇನ?"

ಸಣ್ಣವ್ವ ಹುಡುಕಿ ಕಾಗದದಲ್ಲಿ ಸುತ್ತಿ ಕೊಟ್ಟಳು.

"ನನಗ ಇಡಸಾಕ ಬರತೈತೇನ? ಬಾ" ಎಂದು ಸಾವಂತ್ರೆವ್ವ ಪೊಟ್ಟಣ ಮುಟ್ಟದೆ ಮುಂದೆ ನಡೆದಳು.

ಗಂಗಾ ಪಡಸಾಲೆಯಲ್ಲಿ ಕೂಸಿಗೆ ಹಾಲು ಕುಡಿಸಿ ಕೂತಿದ್ದಳು. ಕೆನ್ನೆಯ ಮೇಲೆ ಬಂಗು ಇನ್ನೂ ಇತ್ತು, ತಿಳಿಯಾಗಿತ್ತು. "ಏನೂ ಹಚ್ಚಿಲ್ಲ ಕಾಕಿ. ಇದು ಬಿಡೂದಿಲ್ಲ, ಮಾರಿಗೇ ಬಾಯಿ ಹಾಕತೈತಿ" ಎಂದು ನಕ್ಕು ಕೂಸನ್ನು ಮುಂದೆ ಹಿಡಿದಳು. ಸಣ್ಣವ್ವ ಕೈ ಚಾಚಿದಳು.

"ತಡಿ" ಎಂದಳು ಸಾವಂತ್ರೆವ್ವ.

ಸಣ್ಣವ್ವನ ಕೈ ಅರ್ಧಕ್ಕೇ ನಿಂತಿತು. ಸಾವಂತ್ರೆವ್ವ ಒಳಗಿಂದ ಚೊಂಬು, ಸಾಬೂನು ತಂದಳು. "ಕೂಸಿನ್ನ ಮುಟ್ಟೂ ಮೊದಲ ಎಲ್ಲಾರೂ ತೊಳಕೋಬೇಕಂತ. ನಾನೂ ತೊಳಕೋತೇನಿ. ಹಿಡಿ" ಎಂದು ತಾನೇ ಬಗ್ಗಿ ನೀರು ಹಾಕಿದಳು. ಊರಿನ ಹೆಂಗಸರ ಕೈಯನ್ನೆಲ್ಲ ತೊಳೆದ ಸಣ್ಣವ್ವನ ಕೈಗೆ ಇನ್ನೊಬ್ಬರು ನೀರು ಹಾಕಿದ್ದು ಅದೇ ಮೊದಲು. ಅವಳು ಉಗುರಿನ ಸಂದಿಯನ್ನೂ ಬಿಡದೆ ತೊಳೆದು, ಮತ್ತೊಮ್ಮೆ ತೊಳೆದಳು.

ಕರಿಬಳೆ ಕೂಸಿನ ಕೈಗೆ ಸಲೀಸಾಗಿ ಏರಿತು. ಕೂಸು ಬಳೆಯನ್ನು ನೋಡಲಿಲ್ಲ. ಸಣ್ಣವ್ವನ ತೋರುಬೆರಳನ್ನು ಬಿಗಿಯಾಗಿ ಹಿಡಿದು ಸೀದಾ ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಸಣ್ಣವ್ವ ಗಾಬರಿಯಿಂದ ತಲೆಯೆತ್ತಿದಳು. ಸಾವಂತ್ರೆವ್ವ ಅದನ್ನೇ ನೋಡುತ್ತಿದ್ದಳು. ಆದರೂ ಕೂಸಿನ ಬಾಯಿಂದ ಆ ಬೆರಳು ಬಿಡಿಸಲಿಲ್ಲ.