ಕೊಟ್ರಮ್ಮ ಸಿಸ್ಟರ್ ಕಲಿತ ಆರು ಮಾತು

ಕೊಟ್ರಮ್ಮ ಸಿಸ್ಟರ್ ಜೋಳದ ರೊಟ್ಟಿ ಬಡಿಯುವಾಗ ಬೀದಿಗೆಲ್ಲ ಕೇಳುವ ಹಾಗೆ ಸ್ಪ್ಯಾನಿಷ್ ಹೇಳುತ್ತಿದ್ದರು. ಒಂದು ಏಟಿಗೆ ಕ್ರಿಯಾಪದದ ಒಂದು ರೂಪ. ‘ಇಬಾ, ಇಬಾಸ್, ಇಬಾ, ಈಬಾಮೋಸ್, ಇಬಾಯ್ಸ್, ಇಬಾನ್.’ ಆರು ಮುಗಿದರೆ ರೊಟ್ಟಿ ಅರ್ಧ ಸುತ್ತು ತಿರುಗಿಸಿ ಮತ್ತೆ ಮೊದಲಿಂದ. ಎದುರುಮನೆಯ ಶಾಂತಕ್ಕ ನನ್ನ ಅಂಗಡಿಗೇ ಬಂದು, ‘ಸಿಸ್ಟರ್ ಯಾವುದೋ ಮಂತ್ರ ಹಿಡಿದಾರ, ನೀನರ ಕೇಳಬಾರದೇನು?’ ಎಂದು ಆತಂಕ ತೋಡಿಕೊಂಡಳು. ಮಂತ್ರ ಕೊಟ್ಟವಳು ನಾನೇ ಎನ್ನಲು ನನಗೆ ಧೈರ್ಯ ಬರಲಿಲ್ಲ.

ಕೊಟ್ಟೂರಿನಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಓದುವಾಗ ಹುಮ್ಮಸ್ಸಿಗೆ ಬಿದ್ದು ಸ್ಪ್ಯಾನಿಷ್ ಡಿಪ್ಲೊಮಾ ಮಾಡಿಕೊಂಡಿದ್ದೆ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ, ಅಷ್ಟೆ. ಆಧಾರ್ ಕಾರ್ಡಿನ ಪ್ರಿಂಟಿಗೆ ಬಂದವರು ಯಾರೂ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಅದರ ಮುಂದೆ ನಿಂತು ಓದಿದವರು ಸಿಸ್ಟರ್ ಒಬ್ಬರೇ.

‘ಯವ್ವಾ, ಇದು ಪಿಲಾರಮ್ಮನೋರ ಮಾತು ಅಲ್ಲೇನು?’ ಎಂದರು.

ಪಿಲಾರ್ ಸ್ಪೇನ್ ದೇಶದ ಡಾಕ್ಟರು. ಹರಪನಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಬಹಳ ವರ್ಷ ಇದ್ದು, ವಯಸ್ಸಾದ ಮೇಲೆ ತಮ್ಮ ಊರಿಗೆ ಮರಳಿದವರು. ಅಷ್ಟೂ ವರ್ಷ ಅವರ ಜೊತೆಗಿದ್ದ ನರ್ಸು ಕೊಟ್ರಮ್ಮ. ಪ್ರತಿ ಸೋಮವಾರ ಇಬ್ಬರೂ ಒಂದು ಲೂನಾ ಗಾಡಿ ಹತ್ತಿ ಉಚ್ಚಂಗಿದುರ್ಗದ ಬಾಣಂತಿಯರನ್ನು ನೋಡಲು ಹೋಗುತ್ತಿದ್ದರಂತೆ. ಗಾಡಿ ಓಡಿಸುವುದು ಡಾಕ್ಟರು, ಹಿಂದೆ ಔಷಧದ ಪೆಟ್ಟಿಗೆ ತಬ್ಬಿಕೊಂಡು ಸೋಬಾನೆ ಪದ ಹಾಡುವುದು ಇವರು. ಸಿಸ್ಟರ್ ಹಾಡು ನಾನೂ ಕೇಳಿದ್ದೇನೆ. ಅವರು ಬಾಯಿ ತೆಗೆದರೆ ನನ್ನ ಹಳೆಯ ಜೆರಾಕ್ಸ್ ಯಂತ್ರವೇ ಇಂಪು ಎನಿಸುತ್ತಿತ್ತು.

ಈಗ ಪಿಲಾರಮ್ಮನಿಗೆ ಮರೆವಿನ ಕಾಯಿಲೆ. ಅವರನ್ನು ನೋಡಿಕೊಳ್ಳುತ್ತಿದ್ದ ತಂಗಿಯ ಮಗಳು ಸಿಸ್ಟರ್ ಫೋನಿಗೆ ಬರೆದಿದ್ದಳು: ಕನ್ನಡ ಹೋಯಿತು, ಇಂಗ್ಲಿಷೂ ಹೋಯಿತು, ಉಳಿದಿರುವುದು ತಾಯಿಭಾಷೆ ಒಂದೇ. ನಿಮ್ಮ ಫೋಟೊ ತೋರಿಸಿದರೆ ಯಾರಿವಳು ಎನ್ನುತ್ತಾರೆ.

‘ಹಂಗಾದ್ರ ನಾನ ಅವರ ಮಾತು ಕಲೀತೀನಿ,’ ಎಂದರು ಅರವತ್ತೆಂಟರ ಸಿಸ್ಟರ್. ‘ನನ್ನ ಹೆಸರು ಅವರ ಬಾಯಾಗ ಬರಬೇಕು. ಅಲ್ಲೀತನಕ ಬಿಡಂಗಿಲ್ಲ.’

ನಾನು ‘ಚೆನ್ನಾಗಿದ್ದೇನೆ, ಹೇಗಿದ್ದೀರಿ’ಯಿಂದ ಶುರುಮಾಡಿದೆ. ಅವರು ಕೈ ಅಡ್ಡ ಹಿಡಿದರು. ‘ಇವತ್ತಿಂದು ಬ್ಯಾಡ, ನಾಳಿಂದೂ ಬ್ಯಾಡ. ಹಳೇದು ಹೇಳೋದು ಕಲಿಸು.’ ಹಳೆಯದರಲ್ಲೂ ಎರಡು ಬಗೆ ಎಂದೆ. ಒಮ್ಮೆ ಹೋಗಿ ಮುಗಿದದ್ದಕ್ಕೆ ಒಂದು ರೂಪ, ವಾರವಾರವೂ ಹೋಗುತ್ತಿದ್ದುದಕ್ಕೆ ಇನ್ನೊಂದು.

‘ಮುಗಿದಿದ್ದು ತಗೊಂಡು ಏನ್ ಮಾಡ್ಲಿ? ಹೋಗ್ತಿದ್ದಿದ್ದು ಕಲಿಸು.’

ಚೀಟಿಯ ಮೇಲೆ ಆರು ಸಾಲು ಬರೆದುಕೊಟ್ಟೆ. ನಾನು ಹೋಗುತ್ತಿದ್ದೆ ಎಂದರೆ ಇಬಾ. ಅವಳು ಹೋಗುತ್ತಿದ್ದಳು ಎಂದರೂ ಇಬಾ. ‘ಎಲ್ಡಕ್ಕೂ ಒಂದಾದ್ರ ಯಾರು ಹೋಗ್ತಿದ್ರು ಅಂತ ಹೆಂಗ ತಿಳೀತೈತಿ?’ ಎಂದು ಜಗಳಕ್ಕೆ ನಿಂತವರು ಮರುದಿನ ತಾವೇ ರಾಜಿಯಾದರು. ‘ಇಬ್ರೂ ಒಂದ ಗಾಡಿ ಮ್ಯಾಲಿ ಹೋಗ್ತಿದ್ವಿ. ಒಂದ ಮಾತು ಸಾಕು ಬಿಡು.’ ಸೋಮವಾರಕ್ಕೆ ಲುನೆಸ್ ಎಂದಾಗ, ಅದು ಅವರ ಲೂನಾ ಗಾಡಿಯಿಂದಲೇ ಬಂದ ಹೆಸರೆಂದು ನಂಬಿಬಿಟ್ಟರು. ನಾನು ತಿದ್ದಲು ಹೋಗಲಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವರು ಜಗ್ಗಲಿಲ್ಲ. ‘ನೀವು’ ಎಂಬ ಸಾಲಿನ ಮುಂದೆ ನಾನು ಇಬಾಯ್ಸ್ ಎಂದು ಬರೆದಿದ್ದೆ. ಅದು ಹಲವರಿಗೆ ಅನ್ನುವ ನೀವು, ಒಬ್ಬಳೇ ಗೆಳತಿಗೆ ‘ನೀನು’ ಸಾಲಿನ ಇಬಾಸ್ ಅನ್ನಬೇಕು ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

‘ಡಾಕ್ಟ್ರಿಗೆ ನೀನು ಅಂತೀನೇನು? ನಾಲಿಗಿ ಬಿದ್ದು ಹೋದೀತು,’ ಎಂದರು. ಅಲ್ಲಿಗೆ ಮುಗಿಯಿತು.

ಎರಡು ತಿಂಗಳ ಮೇಲೆ, ಒಂದು ಸೋಮವಾರ ಮಧ್ಯಾಹ್ನ, ನನ್ನ ಅಂಗಡಿಯಿಂದಲೇ ವಿಡಿಯೊ ಕಾಲ್ ಮಾಡಿದೆವು. ಸಿಸ್ಟರ್ ಡ್ಯೂಟಿಯ ಬಿಳಿ ಸೀರೆ ಉಟ್ಟು ಬಂದಿದ್ದರು. ಪರದೆಯಲ್ಲಿ ತೆಳ್ಳಗಿನ ಮುದುಕಿಯೊಬ್ಬರು ಎಲ್ಲೋ ನೋಡುತ್ತ ಕೂತಿದ್ದರು.

‘ಲೋಸ್ ಲುನೆಸ್ ಇಬಾಯ್ಸ್ ಆ ಉಚ್ಚಂಗಿ!’ ಎಂದರು ಸಿಸ್ಟರ್. ಸೋಮವಾರ ನೀವು ಉಚ್ಚಂಗಿಗೆ ಹೋಗುತ್ತಿದ್ದಿರಿ.

ಪಿಲಾರಮ್ಮ ತಿರುಗಿದರು. ಹುಬ್ಬು ಗಂಟಿಕ್ಕಿ, ‘ಕಿಯೆನೆಸ್?’ ಎಂದರು.

‘ಯಾರ್ಯಾರು ಅಂತ ಕೇಳ್ತಾರ್ರಿ ಸಿಸ್ಟರ್,’ ಎಂದು ಪಿಸುಗುಟ್ಟಿದೆ. ನಾನು ಹೆದರಿದ್ದ ತಪ್ಪೇ ಆಗಿತ್ತು. ನೀವುಗಳು ಹೋಗುತ್ತಿದ್ದಿರಿ ಎಂದರೆ ಯಾರ್ಯಾರು ಎಂದು ಯಾರಾದರೂ ಕೇಳುವವರೇ. ಸಿಸ್ಟರ್ ತುಟಿಯಲ್ಲೇ ಆರೂ ರೂಪ ಎಣಿಸಿದರು. ನಾಲ್ಕನೆಯದಕ್ಕೆ ನಿಂತರು. ಪರದೆಯ ಕಡೆ ಬೆರಳು ತೋರಿಸಿ, ಆಮೇಲೆ ತಮ್ಮ ಎದೆ ಮುಟ್ಟಿಕೊಂಡು, ‘ಈಬಾಮೋಸ್,’ ಎಂದರು. ನಾವು ಹೋಗುತ್ತಿದ್ದೆವು.

‘ಈಬಾಮೋಸ್,’ ಎಂದರು ಪಿಲಾರಮ್ಮನೂ. ಸಿಸ್ಟರ್ ಕಡೆ ಬೆರಳು ತೋರಿಸಿ, ‘ತು ಕಂತಾಬಾಸ್.’

ಅದು ನಾನು ಕಲಿಸಿದ ಮಾತಲ್ಲ. ನೀನು ಹಾಡುತ್ತಿದ್ದೆ ಎಂದು ಅರ್ಥ ಹೇಳಿದೆ. ಸಿಸ್ಟರ್ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ‘ನೋಡಿದೇನ್ಯವ್ವಾ, ಎಲ್ಲಾ ಮರೆತ್ರೂ ಇದೊಂದು ಮರೀಲಿಲ್ಲ!’

ಅಲ್ಲಿಂದ ಪ್ರತಿ ಸೋಮವಾರ ಮಧ್ಯಾಹ್ನ ನನ್ನ ಅಂಗಡಿ ಅವರದೇ. ಹೋಗುತ್ತಿದ್ದೆವು, ತಿನ್ನುತ್ತಿದ್ದೆವು, ಬೀಳುತ್ತಿದ್ದೆವು. ವಾರಕ್ಕೊಂದು ಕ್ರಿಯಾಪದ ಕಲಿಯುತ್ತಿದ್ದರು. ಹೆಸರು ಮಾತ್ರ ಬರಲಿಲ್ಲ. ಪಿಲಾರಮ್ಮನಿಗೆ ಇವರು ‘ಹಾಡುತ್ತಿದ್ದವಳು’, ಅಷ್ಟೇ. ನನಗೆ ಬೇಸರವಾಗುತ್ತಿತ್ತು, ಅವರಿಗೆ ಇಲ್ಲ. ‘ಬಂದ ಬರ್ತೈತಿ. ನಾನೇನು ಓಡಿಹೊಕ್ಕೀನೇನು?’ ಎನ್ನುತ್ತಿದ್ದರು.

ಹೋಗಿಯೇಬಿಟ್ಟರು. ಒಂದು ಗುರುವಾರ ಬೆಳಿಗ್ಗೆ ಎದೆನೋವು ಎಂದವರು ಆಸ್ಪತ್ರೆ ಮುಟ್ಟಲಿಲ್ಲ. ಒಲೆಯ ಮುಂದೆ ಕಲಸಿದ ಹಿಟ್ಟು ಹಾಗೇ ಇತ್ತು. ನನಗೆ ಅವರ ಮೇಲೆ ಸಿಟ್ಟೇ ಬಂತು.

ಸೋಮವಾರ ಫೋನು ಬಂತು. ತಂಗಿಯ ಮಗಳಿಗೆ ಮೊದಲೇ ಬರೆದು ತಿಳಿಸಿದ್ದೆ, ಆದರೆ ಅವಳು ಇನ್ನೂ ಹೇಳಿರಲಿಲ್ಲ. ಪಿಲಾರಮ್ಮ ನನ್ನ ಮುಖ ನೋಡಿದರು, ನನ್ನ ಪಕ್ಕದ ಖಾಲಿ ಕುರ್ಚಿ ನೋಡಿದರು, ತಲೆ ಅಲ್ಲಾಡಿಸಿದರು.

‘ನೋ,’ ಎಂದರು. ‘ತು ನೋ. ಕೊತ್ರಮ್ಮಾ.’ ನೀನಲ್ಲ, ಕೊಟ್ರಮ್ಮ.

ಮುಗಿದುಹೋದದ್ದನ್ನು ಹೇಳುವ ರೂಪ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಕಲಿಯಲು ಸಿಸ್ಟರ್ ಒಪ್ಪಿರಲಿಲ್ಲ. ನಾನೂ ಹೇಳಲಿಲ್ಲ. ‘ಕೊಟ್ರಮ್ಮ ಕಂತಾಬಾ,’ ಎಂದೆ. ಹಾಡುತ್ತಿದ್ದರು.

‘ಸಿ,’ ಎಂದರು ಪಿಲಾರಮ್ಮ, ಕಣ್ಣರಳಿಸಿ. ‘ಕಂತಾಬಾ ಮುಯ್ ಮಾಲ್.’

ಹೌದು, ಬಲು ಕೆಟ್ಟದಾಗಿ ಹಾಡುತ್ತಿದ್ದಳು. ತಂಗಿಯ ಮಗಳು ಗಾಬರಿಯಾಗಿ ಓಡಿಬಂದಾಗ ನಾವಿಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದೆವು.