ಕೈಯಲ್ಲೇ ಉಳಿದ ಖರ್ಜೂರ

"ಶೆಟ್ರೇ, ಅಥೆನ್ಸ್‌ನಿಂದ ಲಿಸ್ಬನ್‌ಗೆ ಎಷ್ಟು ದೂರ?" ಉಮರಬ್ಬ ಕಾಕ ಕೇಳಿದಾಗ ನಾನು ಕಂಪ್ಯೂಟರ್ ಕೂಡ ನೋಡದೆ ಜಂಬದಿಂದ ಹೇಳಿದೆ: "ಎರಡು ಸಾವಿರದ ಎಂಟುನೂರು ಕಿಲೋಮೀಟರ್ ಚಿಲ್ಲರೆ. ನಾಲ್ಕೂಕಾಲು ಗಂಟೆ." ಗಲ್ಫಿಗೆ ಬಂದು ಖಾಲಿದಿಯಾ ಬಡಾವಣೆಯ ಟಿಕೆಟ್ ಆಫೀಸಿನಲ್ಲಿ ಕೂತು ಕೂತು ನನಗೆ ಇದೆಲ್ಲ ಬಾಯಿಪಾಠ. ಕಾಕನಿಗೆ ಬಂದರಿನ ಬಳಿ ಅಲ್ ಮೀನಾದಲ್ಲಿ ಕಾರ್ಪೆಟ್ ಅಂಗಡಿ. ಮಗಳು ಇರುವುದು ಲಿಸ್ಬನ್‌ನಲ್ಲಿ. ದಾರಿಯಲ್ಲಿ ಒಂದು ದಿನ ಅಥೆನ್ಸ್ ನೋಡುವ ಆಸೆ.

ಅದು ರಂಜಾನ್ ತಿಂಗಳು. "ಹಾಗಾದ್ರೆ ವಿಮಾನದಲ್ಲಿ ಇಫ್ತಾರ್ ಎಷ್ಟು ಗಂಟೆಗೆ?"

"ಪ್ರಯಾಣದಲ್ಲಿ ಉಪವಾಸ ಇರ್ಲೇಬೇಕಂತ ಇಲ್ಲವಲ್ಲ ಕಾಕ?"

"ನಾನು ಒಂದೂ ತಪ್ಪಿಸಿದವನಲ್ಲ."

ಅಥೆನ್ಸ್‌ನಲ್ಲಿ ಸೂರ್ಯ ಮುಳುಗುವ ಹೊತ್ತು ನೋಡಿ ಹೇಳಿದೆ: "ಫ್ಲೈಟ್ ನಾಲ್ಕಕ್ಕೆ. ಆರೂವರೆಗೆ ಖರ್ಜೂರ ಬಾಯಿಗೆ ಹಾಕಿ, ಖಲಾಸ್."

ಹದಿನೈದು ದಿನ ಬಿಟ್ಟು ಕಾಕ ನೇರ ನನ್ನ ಟೇಬಲ್ಲಿಗೇ ಬಂದರು.

"ಆರೂವರೆಗೆ ಖರ್ಜೂರ ಹಿಡ್ಕೊಂಡು ಕಿಟಕಿಯಲ್ಲಿ ನೋಡ್ತೇನೆ, ಸೂರ್ಯ ಅಲ್ಲೇ ಉಂಟು! ಅಥೆನ್ಸ್ ಟೈಮಿಗೆ ಇಟ್ಟ ವಾಚಿನಲ್ಲಿ ಏಳಾಯ್ತು, ಎಂಟಾಯ್ತು, ಆಗಲೂ ಉಂಟು. ನಾವು ಪಶ್ಚಿಮಕ್ಕೆ ಓಡಿದಷ್ಟೂ ಅದು ಮುಳುಗುವುದೇ ಇಲ್ಲ. ಕಡೆಗೆ ಲಿಸ್ಬನ್‌ನಲ್ಲಿ ಇಳಿದ ಮೇಲೆಯೇ ತಿಂದದ್ದು."

ನನ್ನ ಮುಖ ಸಣ್ಣದಾಯಿತು. "ತಪ್ಪಾಯ್ತು ಕಾಕ."

"ತಪ್ಪು ಎಂಥದು? ನನಗೆ ಹಸಿವೇ ಮರೆತುಹೋಯ್ತು." ಅವರ ದನಿ ತಗ್ಗಿತು. "ಅಲ್ಲಾಹನ ಒಂದು ಸಂಜೆಯನ್ನು ಅಷ್ಟು ಉದ್ದಕ್ಕೆ ನೋಡಿದವರು ನಮ್ಮೂರಲ್ಲಿ ಯಾರುಂಟು ಹೇಳಿ?"

ನಾನು ಇಷ್ಟು ವರ್ಷ ಗಂಟೆಗಳನ್ನೇ ಮಾರಿದವನು. ಸೂರ್ಯ ಎಲ್ಲಿರುತ್ತಾನೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಪಶ್ಚಿಮಕ್ಕೆ ಹೊರಟವರು ಯಾರಾದರೂ ಇಫ್ತಾರ್ ಎಷ್ಟು ಗಂಟೆಗೆ ಎಂದು ಕೇಳಿದರೆ, ಕಿಟಕಿ ಸೀಟು ಕೊಟ್ಟು ಸುಮ್ಮನಾಗುತ್ತೇನೆ.