ಯಾವೂರು, ಯಾರ ಮನೆ

ಕೀಬೋರ್ಡಿಗೆ ಕೈ ಹಾಕುವ ಮುನ್ನ ನಮ್ಮ ಮೇಡಂ ಹಸಿರು ಗಾಜಿನ ಬಳೆಗಳನ್ನೆಲ್ಲ ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದರು. ಆಗ ಮಣಿಕಟ್ಟಿನ ಮೇಲೆ ಮಾವಿನ ಸೊನೆ ಸುಟ್ಟ ಹಳೆಯ ಕಲೆ ಕಾಣುತ್ತಿತ್ತು. ತಲೆಗೆ ಮಫ್ಲರು ಬೇರೆ. ಎಂಬತ್ತರ ದಶಕದಲ್ಲಿ ಕೋಲಾರದ ನಮ್ಮ ಹಾಲು ಒಕ್ಕೂಟದ ಕಚೇರಿಯಲ್ಲಿ ಏಸಿ ಇದ್ದದ್ದು ಕಂಪ್ಯೂಟರ್ ಕೋಣೆಗೆ ಮಾತ್ರ. "ಮಿಷನ್ನಿಗೆ ಸೆಖೆಯಂತೆ, ನಮಗೆ ನೆಗಡಿ" ಎಂದು ಗೊಣಗುತ್ತಲೇ ಕೂರುತ್ತಿದ್ದರು. ಗೌನಿಪಲ್ಲಿಯ ಮಾವಿನ ತೋಟದ ಮನೆಯಿಂದ ಬಂದು ಆ ಕೋಣೆಗೆ ಮುಖ್ಯಸ್ಥೆಯಾದವರು ಅವರು. ನಾನು ಮಾಲೂರಿನವಳು, ಅವರ ಪಕ್ಕದ ಕುರ್ಚಿಯವಳು. ಇದನ್ನು ಈಗಲೂ ಎದೆಯುಬ್ಬಿಸಿಯೇ ಹೇಳುತ್ತೇನೆ.

ಬೆಂಗಳೂರಿನ ಕಂಪನಿಯೊಂದು ನಮಗೆ ಕೊಟ್ಟಿದ್ದ ಪ್ರೋಗ್ರಾಮನ್ನು ಇಟ್ಟುಕೊಳ್ಳುವುದೆಂದರೆ ಆನೆ ಸಾಕಿದ ಹಾಗೆ. ಪ್ರತಿ ಹಳ್ಳಿಯ ಡೈರಿಗೂ ಯಾವ ಲಾರಿ, ಎಷ್ಟು ಹೊತ್ತಿಗೆ, ಹಾಲು ತಣ್ಣಗಾಗುವುದು ಎಲ್ಲಿ, ಚೀಟಿ ಯಾವ ಭಾಷೆಯಲ್ಲಿ ಎಂದು ಪರದೆಯ ಮೇಲೆ ಪರದೆ ತೆರೆದು ತುಂಬಬೇಕು. ಒಂದು ತಪ್ಪಿದರೆ ಆ ಊರಿಗೆ ಲಾರಿಯೇ ಹೋಗುತ್ತಿರಲಿಲ್ಲ. ಹಾಗೆ ಹಾಲು ಒಡೆದದ್ದೂ ಉಂಟು. ಕೊನೆಗೆ ದೊಡ್ಡ ಸಾಹೇಬರು ಬೇಸತ್ತು, ಇದನ್ನೆಲ್ಲ ಬೆಂಗಳೂರಿನವರೇ ಮಾಡಲಿ, ಈ ವಿಭಾಗ ಮುಚ್ಚಿಬಿಡೋಣ ಎಂದರು. ಮೇಡಂ ಒಂದು ತಿಂಗಳ ಗಡುವು ಕೇಳಿ ಪಡೆದರು.

ಅದೇ ವಾರ ಕ್ಯಾಲನೂರಿನ ಡೈರಿಗೆ ಹೋಗಿದ್ದೆವು. ಜಗಲಿಯ ಮೇಲಿದ್ದ ಅಜ್ಜಿ ನನ್ನನ್ನು ಹಿಡಿದುಕೊಂಡರು. "ಯಾವೂರಮ್ಮ? ಯಾರ ಮನೆಯೋಳು?" ನಾನು ಎರಡಕ್ಕೂ ಉತ್ತರ ಕೊಟ್ಟದ್ದೇ ತಡ, ನಮ್ಮ ಸೋದರಮಾವ ಯಾರು, ಹೊಲ ಯಾವ ಕಡೆ, ದೊಡ್ಡತ್ತೆಯನ್ನು ಯಾವೂರಿಗೆ ಕೊಟ್ಟರು, ಎಲ್ಲ ಅವರೇ ಹೇಳಿ ಮುಗಿಸಿ, "ಸರೀನಾ?" ಎಂದರು. ಅಲ್ಲಿಗೆ ಕೊಟ್ಟದ್ದು ದೊಡ್ಡತ್ತೆಯನ್ನಲ್ಲ, ಚಿಕ್ಕತ್ತೆಯನ್ನು ಎಂದು ನಾನು ತಿದ್ದಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ನನ್ನ ತೊಡೆಗೆ ಫಟ್ಟನೆ ಬಾರಿಸಿದರು. "ನೋಡಿದ್ಯೇನೇ? ಎರಡೇ ಪ್ರಶ್ನೆ. ಮಿಕ್ಕಿದ್ದೆಲ್ಲ ಮುದುಕಿ ತಾನೇ ತುಂಬ್ಕೊಂಡ್ಳು. ನಮ್ಮ ಮಿಷನ್ನು ಯಾಕೆ ಹಂಗೆ ಮಾಡಬಾರ್ದು?"

ಪ್ರೋಗ್ರಾಮನ್ನು ತಾವೇ ತಿದ್ದಿ, ಹಾಗೆ ಮಾಡಿಸಿಯೇ ಬಿಟ್ಟರು. ಊರು ಯಾವುದು, ಯಾವ ಹೋಬಳಿ ಎಂದಷ್ಟೇ ಕೇಳಿ, ಉಳಿದದ್ದನ್ನು ಪ್ರೋಗ್ರಾಮು ತಾನೇ ತುಂಬಿಕೊಳ್ಳುತ್ತಿತ್ತು. ಕೊನೆಗೆ ಇಂಗ್ಲಿಷ್ ಅಕ್ಷರಗಳಲ್ಲಿ "ಸರೀನಾ?" ಎಂದು ಕೇಳುತ್ತಿತ್ತು. ಆ ಕೊನೆಯ ಪ್ರಶ್ನೆ ದಂಡ, ತೆಗೆದುಬಿಡಿ ಎಂದು ನಾನೇ ವಾದಿಸಿದೆ. ಅವರು ಜಗ್ಗಲಿಲ್ಲ. "ಊಹೆ ಮಾಡ್ಲಿ ಕಣೇ, ಬೇಡ ಅನ್ನಲ್ಲ. ಕೇಳ್ದೆ ಮಾತ್ರ ಬರ್ಕೋಬಾರ್ದು."

ಗಡುವಿನ ದಿನ ಸಾಹೇಬರು, ಕೆಲಸಕ್ಕೆಂದು ಬಂದಿದ್ದ ಒಬ್ಬ ಡೈರಿ ಸೆಕ್ರೆಟರಿಯನ್ನೇ ಕರೆದು ಕೂರಿಸಿದರು. ಆತನದು ಮುಳಬಾಗಿಲು ತಾಲ್ಲೂಕಿನ ಗಡಿಯ ಹಳ್ಳಿ. ಎರಡು ಉತ್ತರ ಕೊಟ್ಟ. ಪರದೆ ಸರಸರನೆ ತುಂಬಿತು. ಸರೀನಾ ಎಂದಿತು.

"ಇಲ್ಲ ಮೇಡಮ್ಮೋರೆ. ಮುಳಬಾಗಿಲ ಲಾರಿ ನಮ್ಮೂರಿಗೆ ಬರಲ್ಲ, ಹಳ್ಳ ಅಡ್ಡ ಐತೆ. ನಮ್ದು ಶ್ರೀನಿವಾಸಪುರದ ಲಾರಿ."

ಸಾಹೇಬರ ಹುಬ್ಬು ಗಂಟಿಕ್ಕಿತು. ನಮ್ಮ ಕುರ್ಚಿಗಳು ಹೋದವು ಎಂದೇ ತಿಳಿದೆ. ಮೇಡಂ ಮಾತ್ರ ಮಗು ಮೊದಲ ಹೆಜ್ಜೆ ಇಟ್ಟಿತೆಂಬಂತೆ ನಗುತ್ತಿದ್ದರು! "ನೋಡಿದ್ರಾ ಸಾರ್, ಕೇಳ್ತು! ಕೇಳ್ದೆ ಬರ್ಕೊಂಡಿದ್ರೆ ನಾಳೆ ಈಯಪ್ಪನ ಹಾಲು ಬಿಸಿಲಲ್ಲಿ ಒಡೀತಿತ್ತು." ಬಳೆ ಏರಿಸಿ ಲಾರಿಯೊಂದನ್ನೇ ಬದಲಾಯಿಸಿದರು. ಹೊತ್ತು, ಹಾಲು ಇಳಿಸುವ ಜಾಗ ಎಲ್ಲ ಅದರ ಹಿಂದೆಯೇ ತಾವಾಗಿ ಬದಲಾದವು. ಸಾಹೇಬರು ಪರದೆಯನ್ನು ಮೇಲಿನಿಂದ ಕೆಳಗೆ ಓದಿ, "ಇಲ್ಲೇ ಇರಲಿ ಬಿಡಿ" ಎಂದು ಎದ್ದು ಹೋದರು.

ಮುಂದೆ ಆ ಕಂಪನಿಯವರೇ ಅದನ್ನು ಕೇಳಿ ಪಡೆದು ಬೇರೆ ಜಿಲ್ಲೆಗಳಿಗೂ ಒಯ್ದರು. ಮೇಡಂ ನಂತರ ಆ ಕೋಣೆಯ ಮುಖ್ಯಸ್ಥೆಯಾಗಿ ನಾನು ಮಾಡಿದ ಒಳ್ಳೆಯ ಕೆಲಸಗಳಲ್ಲೆಲ್ಲ ಆ "ಸರೀನಾ" ಇದೆ.

ಮೇಡಂ ತೀರಿಕೊಂಡ ಸುದ್ದಿ ಬಂದಾಗ ಗೌನಿಪಲ್ಲಿಗೆ ಹೋದೆ. ಅಂಗಳದಲ್ಲಿದ್ದ ತಾತ ನನ್ನನ್ನು ದಿಟ್ಟಿಸಿ, "ಏ ಊರಮ್ಮಾ? ಎವರಿಂಟಿ ಬಿಡ್ಡವಿ?" ಎಂದು ತೆಲುಗಿನಲ್ಲಿ ಕೇಳಿದರು. ಯಾವೂರು, ಯಾರ ಮನೆಯ ಮಗಳು. ಮಾಲೂರು ಎಂದೆ. ಎರಡನೆಯದಕ್ಕೆ ಅವರ ಹಿಂದಿನ ಬಾಗಿಲು ತೋರಿಸಿದೆ.

"ಇದೇ ಮನೆ, ತಾತ."

ಅವರು ನಂಬಲಿಲ್ಲ. ಬಾಗಿಲಲ್ಲಿ ನಿಂತಿದ್ದ, ಮೇಡಂ ಅವರ ಅಕ್ಕನ ಕಡೆ ತಿರುಗಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಸರೀನೇ, ನಮ್ಮೋಳೇ" ಎಂದರು.